ಭೀಮರಾಜು ಆರಿಸದ ಲಾಡ್ಜು

ಗೆಳೆಯ ಭೀಮರಾಜುವಿನ ಮೇಲೆ ನನಗಿನ್ನೂ ಸಿಟ್ಟಿದೆ. ತಿಪಟೂರಿನ ಈ ಕೊಬ್ಬರಿ ವ್ಯಾಪಾರಿಗೆ ನನ್ನೊಂದಿಗೆ ಅಂಡಮಾನಿಗೆ ಹೋಗಿ, ಕಡಲಿನಲ್ಲಿ ಮುಖವಿಟ್ಟು ಬಣ್ಣದ ಮೀನು ನೋಡುವ ಹುಚ್ಚು. ವರ್ಷಗಟ್ಟಲೆ ಎಸ್‌ಟಿಡಿ ಬೂತಿನಿಂದ ಅಲ್ಲಿನ ಲಾಡ್ಜುಗಳಿಗೆಲ್ಲ ಫೋನು ಮಾಡಿದ. ಒಂದರಲ್ಲಿ ಮುದ್ದೆ ಸಿಗದು, ಇನ್ನೊಂದರ ಸೂರಿನ ಮೇಲೆ ತೆಂಗಿನ ಮರ: "ಅಲ್ಲೂ ಕಾಯಿ ನೋಡ್ಕೊಂಡ್ ಕೂರಾನೇನ್ಲಾ?" ಯಾವುದಾದರೂ ಒಂದನ್ನು ಹಿಡಿ ಎಂದರೆ, "ಅಟ್ಟದ ಮೇಲಿನ ಕಾಯಿ ತಾನಾಗೇ ಒಣಗಿ ಕೊಬ್ಬರಿ ಆಗ್ಬೇಕು ಕಣ್ಲಾ, ಆತುರ ಪಟ್ರೆ ಕೊಳೀತದೆ" ಎನ್ನುತ್ತಿದ್ದ. ಆತುರಪಟ್ಟದ್ದು ಅವನ ಹೃದಯ. ಯುಗಾದಿಗೆ ಮೊದಲೇ ನಿಂತಿತು. ತಿಥಿಯ ದಿನ ಬೂತಿನ ಹುಚ್ಚಣ್ಣ ಹೇಳಿದ: "ಎಲ್ಲಾ ಲಾಡ್ಜಿಗೂ ಒಂದೇ ಮಾತು ಕೇಳೋರು ಸಾರ್, ಬಾಗ್ಲ ಮುಂದೆ ನೀರು ಸೊಂಟದ ಮಟ್ಟ ಐತಾ, ನಮ್ ಸ್ನೇಹಿತಂಗೆ ಈಜು ಬರಲ್ಲ ಅಂತ." ಮುಠ್ಠಾಳ, ನನ್ನನ್ನು ದಡದಲ್ಲಿ ಕೂರಿಸಿ ನೀನಾದರೂ ಮೀನು ನೋಡಬಹುದಿತ್ತಲ್ಲೋ!