ಆಷಾಢದಲ್ಲಿ ಗೇಟು ದಾಟದ ಪಿಕಪ್

ನಲವತ್ತು ವರ್ಷದ ಗಾಡಿಯನ್ನು ಹೊಸದು ಎಂದು ತೀರ್ಮಾನ ಮಾಡಿದವರು ನಮ್ಮ ದೊಡ್ಡಪ್ಪ. ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಅಪ್ಪ ಯಾವುದೋ ಎಸ್ಟೇಟಿನ ಹರಾಜಿನಲ್ಲಿ ಕೊಂಡಿದ್ದ ವಿಲಾಯಿತಿ ಪಿಕಪ್ ಅದು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ಹಳ್ಳಿಗಳಿಂದ ಮಾರ್ಕೆಟ್ಟಿಗೆ ತೆಂಗಿನಕಾಯಿ, ಹೂವಿನ ಕುಕ್ಕೆ ಹೊತ್ತು ತಂದೇ ಅದು ನಮ್ಮನ್ನು ಸಾಕಿತ್ತು. ಅಪ್ಪ ತೀರಿಕೊಂಡ ಮೇಲೆ ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಲಲ್ಲಿ ಸೀಬೆಮರದ ಕೆಳಗೆ ನಿಂತುಬಿಟ್ಟಿತು. ಬಾನೆಟ್ಟಿನೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಗುಜರಿಯವರು ಬಂದು ಕೇಳಿದಾಗಲೆಲ್ಲ ಅಮ್ಮ ಅವರನ್ನು ನಿಂತ ಕಾಲಲ್ಲೇ ವಾಪಸ್ಸು ಕಳಿಸುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಕೋಲೂರಿಕೊಂಡು ನಡುಮನೆಯಿಂದ ಜಗಲಿಗೆ ಬರುವುದೇ ಅವಳಿಗೆ ದೊಡ್ಡ ಪ್ರಯಾಣವಾಯಿತು. ಆಟೋದೊಳಗೆ ಬಗ್ಗಿ ಕೂರಲಾಗದು, ಕಾರಿನಲ್ಲೂ ಆಗದು. ನೆಟ್ಟಗೆ ಬೆನ್ನಿರುವ ಮರದ ಕುರ್ಚಿಯೊಂದೇ ಗತಿ. ಮದುವೆಯಾದ ಮರುವರ್ಷದಿಂದ ಒಂದು ಆಷಾಢವನ್ನೂ ತಪ್ಪಿಸದೆ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದವಳು ಅವಳು. ಮೆಟ್ಟಿಲಿಗೆಲ್ಲ ಅರಿಸಿನ ಕುಂಕುಮ ಹಚ್ಚುತ್ತ, ಗುರುತಿಲ್ಲದ ಹೆಂಗಸರ ಜೊತೆ ಮನೆಯ ಕಷ್ಟಸುಖ ಮಾತಾಡುತ್ತ, ಆ ನೂಕುನುಗ್ಗಲಿನಲ್ಲಿ ನಿಲ್ಲುವುದೇ ಅವಳಿಗೆ ಹಬ್ಬ. ಒಂದು ಆಷಾಢ ಮನೆಯಲ್ಲೇ ಕಳೆದುಹೋದ ಮೇಲೆ ನನ್ನನ್ನು ಕರೆದು, ಇನ್ನೊಂದೇ ಒಂದು ಆಷಾಢ ಶುಕ್ರವಾರ ಬೆಟ್ಟ ತೋರಿಸುತ್ತೀಯಾ ಎಂದು ಕೇಳಿದಳು. ಅವಳು ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಾರದ ರಜೆಯೆಲ್ಲ ಹಿತ್ತಲಿನ ಪಾಲಾಯಿತು. ಬಿಗಿದು ಹೋಗಿದ್ದ ನಟ್ಟುಗಳಿಗೆ ವಾರಗಟ್ಟಲೆ ಸೀಮೆಎಣ್ಣೆ ಕುಡಿಸಿದೆ. ತುಕ್ಕು ತಿಂದ ತಗಡನ್ನು ಕತ್ತರಿಸಿ ಬೇರೆ ಬೆಸೆದೆ. ನನ್ನ ಹೆಂಡತಿ ಬಾಗಿಲುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಅಂಗೈ ಸುಲಿಸಿಕೊಂಡಳು. ಅಮ್ಮನಿಗೆ ಕುಲುಕಬಾರದೆಂದು ಹಿಂದಿನ ಸ್ಪ್ರಿಂಗಿನ ಎರಡು ಪ್ಲೇಟು ತೆಗೆದೆ. ಸಾಮಾನು ತುಂಬುವ ಜಾಗದಲ್ಲಿ ಅವಳ ಕುರ್ಚಿಯನ್ನೇ ಬೋಲ್ಟು ಹಾಕಿ ಕೂರಿಸಿ, ಮೇಲೆ ಟಾರ್ಪಾಲಿನ ಮಾಡು ಕಟ್ಟಿ, ಹಿಂದಿನ ಬಾಗಿಲು ಮಲಗಿಸಿದರೆ ಹತ್ತುವ ಹಲಗೆಯಾಗುವ ಹಾಗೆ ಕೀಲು ಬದಲಿಸಿದೆ. ಹಳೇ ಗಾಡಿಗಳ ಹುಚ್ಚಿನ ಮಹನೀಯರೊಬ್ಬರು ಬಂದು ನೋಡಿ, ಒರಿಜಿನಲ್ ಕೆಡಿಸಿಬಿಟ್ಟಿರಿ ಎಂದು ಹಣೆ ಚಚ್ಚಿಕೊಂಡರು. ಅವರ ತಾಯಿ ಮೆಟ್ಟಿಲು ಹತ್ತುತ್ತಿದ್ದರೇನೋ, ಅವರಿಗೇನು.

ಎರಡು ವರ್ಷ ಹಿಡಿಯಿತು. ಆಷಾಢಕ್ಕೆ ವಾರವಿದೆ ಎನ್ನುವಾಗ ಬಣ್ಣವೂ ಒಣಗಿತು. ಕಡುಗೆಂಪು, ಮುಖ ನೋಡಿಕೊಳ್ಳುವಷ್ಟು ಹೊಳಪು. ಅಷ್ಟಕ್ಕೆ ಸುಮ್ಮನಿರದೆ ದೊಡ್ಡಪ್ಪನಿಗೆ ಹೇಳಿಕಳಿಸಿದೆ. ಅಪ್ಪನ ಅಣ್ಣ ಅವರು, ಮನೆಗೆ ಹಿರಿಯರು. ದೇವರಾಜ ಮೊಹಲ್ಲಾದಲ್ಲಿ ಅವರದು ಪೂಜಾ ಸಾಮಾನಿನ ಅಂಗಡಿ. ಆ ಗಾಡಿ ಇನ್ನು ಏಳುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವರಿಗೆ ತೋರಿಸಬೇಕೆಂಬ ಜಂಬ ನನಗೆ.

ಅವರು ಬಂದದ್ದು ಮೊದಲ ಆಷಾಢ ಶುಕ್ರವಾರ ಬೆಳಿಗ್ಗೆ, ನಾವು ಹೊರಡುವ ಹೊತ್ತಿಗೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಅರಿಸಿನ ಕುಂಕುಮದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ದೊಡ್ಡಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು ಬಾಗಿಲು ಸವರಿ ನೋಡಿದರು.

"ಬಣ್ಣ ಬಿದ್ಮೇಲೆ ಹೊಸ ಗಾಡಿನೇ ಕಣೋ," ಅಂದರು. "ಆಷಾಢದಲ್ಲಿ ಗೇಟ್ ದಾಟಿಸ್ಬೇಡ. ಶ್ರಾವಣ ಬರ್ಲಿ, ನಾನೇ ನಿಂತು ಪೂಜೆ ಮಾಡಿಸ್ತೀನಿ."

ಮೊದಲು ತಮಾಷೆ ಅಂದುಕೊಂಡೆ. ನಾನು ಹುಟ್ಟುವ ಮುಂಚಿನ ಗಾಡಿ ಇದು ಅಂದೆ. ಬ್ರೇಕು ನೋಡಲೆಂದು ಕೆ.ಆರ್.ಎಸ್. ರಸ್ತೆಯಲ್ಲಿ ನಾಲ್ಕು ಸಲ ಓಡಿಸಿಯಾಗಿದೆ ಅಂದೆ. ಅದು ಬಣ್ಣಕ್ಕೆ ಮುಂಚೆ ಅಂದರು. ಹಿಂದಿನ ವರ್ಷ ಆಷಾಢದ ರಿಯಾಯಿತಿಯಲ್ಲಿ ನೀವು ಕಲರ್ ಟಿವಿ ತಂದಿರಲ್ಲ ಎಂದು ಕೇಳಿದೆ. ಟಿವಿಗೆ ಚಕ್ರ ಇಲ್ಲ ಅಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಬೆಟ್ಟಕ್ಕೆ ಹೋಗುವ ಊರ ಮಂದಿಗೆಲ್ಲ ಆಷಾಢ ಪೂರ್ತಿ ಅರಿಸಿನ ಕುಂಕುಮ ತೂಗಿ ಕೊಡುವ ಮನುಷ್ಯ, ತನ್ನ ತಮ್ಮನ ಹೆಂಡತಿ ಹೋಗುವುದಕ್ಕೆ ಅಡ್ಡ ನಿಂತರು. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ ಎಂದು ಕೊನೆಯ ಬಾಣವನ್ನೂ ಬಿಟ್ಟರು.

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬುಸುಗುಟ್ಟಿದೆ, ಸ್ಪ್ಯಾನರು ಎತ್ತಿ ಎಸೆದೆ, ಆಮೇಲೆ ಆಯಿತು ಶ್ರಾವಣಕ್ಕೇ ಹೋಗೋಣ ಅಂದೆ. ಅವಳು ಪೊಟ್ಟಣವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಸೀರೆ ಬದಲಿಸಲು ಒಳಗೆ ಹೋದಳು. ಉಳಿದ ಶುಕ್ರವಾರಗಳೂ ಹಾಗೇ ಕಳೆದವು. ಗಾಡಿ ಹಿತ್ತಲಲ್ಲಿ ಮಿರುಗುತ್ತ ನಿಂತಿತ್ತು. ಮುಂದಿನ ಆಷಾಢಕ್ಕೆ ಅಮ್ಮ ಇರಲಿಲ್ಲ.

ಅದೇ ವರ್ಷದ ಶ್ರಾವಣದ ಒಂದು ಸೋಮವಾರ ದೊಡ್ಡಪ್ಪ ಹೇಳಿದಂತೆ ಬಂದು, ಬೂದುಗುಂಬಳ ಒಡೆಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿ, ನನ್ನ ಪಕ್ಕದ ಸೀಟಿನಲ್ಲಿ ಗತ್ತಾಗಿ ಕೂತರು. ಅಷ್ಟರಲ್ಲಿ ಜ್ವರ ಬಂದು ಬಿಟ್ಟು ಅಮ್ಮ ಇನ್ನೂ ಸೊರಗಿದ್ದಳು. ಹೆಂಡತಿ ಅವಳ ಭುಜ ಹಿಡಿದು ಹಿಂದೆ ಕೂತಳು. ಒಂದು ಕಡೆಯೂ ಕುಲುಕದೆ ಗಾಡಿ ಬೆಟ್ಟ ಹತ್ತಿತು.

ಮೇಲೆ ಹೋಗಿ ನಿಲ್ಲಿಸಿದಾಗ ದೊಡ್ಡಪ್ಪ ಹಣ್ಣುಕಾಯಿ ತರಲು ಇಳಿದು ಹೋದರು. ನಾನು ಹಲಗೆ ಮಲಗಿಸಿದೆ. ಅಮ್ಮ ಕುರ್ಚಿಯಿಂದ ಏಳದೆ ಸುತ್ತ ನೋಡಿದಳು. ಸೌತೆಕಾಯಿ ಮಾರುವವಳೊಬ್ಬಳು, ಫೋಟೋ ಹಿಡಿಯುತ್ತಿದ್ದ ನಾಲ್ಕು ಜನ ಪ್ರವಾಸಿಗಳು, ಇಷ್ಟೇ.

"ಜನಾನೇ ಇಲ್ವಲ್ಲೋ," ಅಂದಳು.

ನನಗೆ ತಡೆಯಲಾಗಲಿಲ್ಲ. ಎಲ್ಲ ಆ ದೊಡ್ಡಪ್ಪನಿಂದ, ಅವರು ಅಡ್ಡಗಾಲು ಹಾಕದಿದ್ದರೆ ಆವತ್ತೇ ನೀನು ಆ ಜನದ ನಡುವೆ ನಿಂತಿರುತ್ತಿದ್ದೆ ಎಂದು ಬಾಯಿಗೆ ಬಂದಂತೆ ಅಂದೆ. ಅಮ್ಮ ನಾನು ಮುಗಿಸುವವರೆಗೂ ಕೇಳಿಸಿಕೊಂಡಳು.

"ಅವರನ್ಯಾಕೆ ಬೈತೀಯಾ ಬುಡು," ಅಂದಳು. "ಗಾಡಿ ಕೀ ನಿನ್ನ ಜೇಬಲ್ಲೇ ಇತ್ತು."