ಮರದ ಬಲಗಡೆ ಕೂತಿದ್ದ ಅಂತೋಣಪ್ಪ

1998ರ ಡಿಸೆಂಬರ್ 24, ಸಂಜೆ ಏಳು ಗಂಟೆ. ತುಮಕೂರಿನ ಮರಳೂರಿನಲ್ಲಿ, ನಮ್ಮ ಎದುರು ಮನೆಯ ಅಂತೋಣಪ್ಪ ಕ್ರಿಸ್‌ಮಸ್ ಮರದ ಪಕ್ಕ ಕುರ್ಚಿ ಹಾಕಿಕೊಂಡು ಹದಿನೈದು ಸೆಕೆಂಡು ಅಲ್ಲಾಡದೆ ಕೂತರು. ಫೋಟೋ ತೆಗೆದವನು ನಾನು.

ಇಷ್ಟು ನಿಜ. ಆದರೆ ಯಾರಿಗೋಸ್ಕರ ಕೂತರೋ ಆ ಮಗಳು ಇದನ್ನು ನಂಬುವುದಿಲ್ಲ.

ಅಂತೋಣಪ್ಪ ತುಮಕೂರಿನದೇ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಸಣ್ಣದೊಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. (ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ.) ಹೆಂಡತಿ ರೋಸಮ್ಮ, ಒಬ್ಬಳೇ ಮಗಳು ಶೀಲಾ. ಆ ಫೋಟೋಗೂ ಮೂರು ವರ್ಷದ ಹಿಂದೆ ಶೀಲಾ ಗುಬ್ಬಿಯ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಅಂತೋಣಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಮಾತು ನಿಲ್ಲಿಸಿದರು.

ಆ ಮನೆಯಲ್ಲಿ ಕ್ರಿಸ್‌ಮಸ್ ಮರ ಶೀಲಾಳ ಖಾತೆ. ಸರ್ವೆ ಕೊಂಬೆ ತಂದು, ಪೇಂಟ್ ಡಬ್ಬದಲ್ಲಿ ಮರಳು ತುಂಬಿ ನಿಲ್ಲಿಸಿ, ಸೀರಿಯಲ್ ಸೆಟ್ ಬಲ್ಬು ಸುತ್ತುತ್ತಿದ್ದಳು. ಅವಳು ಹೋದಮೇಲೂ ರೋಸಮ್ಮ ಬಿಡಲಿಲ್ಲ. ಆದರೆ ಮರ ಇರುವಷ್ಟು ದಿನ ಅಂತೋಣಪ್ಪ ಆ ರೂಮಿಗೆ ಕಾಲಿಡುತ್ತಿರಲಿಲ್ಲ. ಊಟ ಕೂಡ ಜಗಲಿಯಲ್ಲೇ.

ಆ ಡಿಸೆಂಬರಿನ ಮೊದಲ ವಾರ ರೋಸಮ್ಮ ಎಸ್‌ಟಿಡಿ ಬೂತಿನಿಂದ ಮಗಳಿಗೆ ಫೋನ್ ಮಾಡಿದರು.

“ಅಪ್ಪ ಕರೀಲಿ, ಬರ್ತೀನಿ” ಅಂದಳು ಶೀಲಾ.

“ಆ ಮನುಷ್ಯ ಬಾಯ್ಬಿಟ್ಟು ಕರೀತಾರೇನೇ?”

“ಬಾಯಿ ಬಿಡೋದು ಬೇಡ. ನನ್ ಮರದ ಪಕ್ಕ ಕೂತ್ಕೊಂಡು ಒಂದ್ ಫೋಟೋ ತೆಗೆಸ್ಕೊಳ್ಳಿ, ಸಾಕು. ಅದನ್ನ ಕಳ್ಸು. ಹೊಸ ವರ್ಷಕ್ಕೆ ಮನೇಲಿರ್ತೀನಿ.”

ಎಂಥ ಸುಲಭದ ಷರತ್ತು, ಅಲ್ಲವೇ? ಅಂತೋಣಪ್ಪನನ್ನು ಒಪ್ಪಿಸಲು ರೋಸಮ್ಮನಿಗೆ ಮೂರು ವಾರ ಹಿಡಿಯಿತು. ಒಪ್ಪಿದವರೂ ತಮ್ಮದೊಂದಿಷ್ಟು ಷರತ್ತು ಹಾಕಿದರು. ಟ್ಯೂಬ್‌ಲೈಟ್ ಹಾಕಬಾರದು. ಫ್ಲಾಶ್ ಹೊಡೆಯಬಾರದು. ಮರದ ಬಲ್ಬಿನ ಬೆಳಕಲ್ಲಿ ಎಷ್ಟು ಕಾಣುತ್ತೋ ಅಷ್ಟೇ.

ನಾನು ಪತ್ರಿಕೆಯವನು, ನನ್ನ ಹತ್ತಿರ ಆಫೀಸಿನ ಕ್ಯಾಮೆರಾ ಇತ್ತು. ರೋಲಿನಲ್ಲಿ ಒಂದೇ ಫ್ರೇಮ್ ಉಳಿದಿತ್ತು. ಒಂದು ಸಾಕು ಅಂದುಕೊಂಡೆ. (ವೃತ್ತಿಯ ಅಹಂಕಾರ ಅಂದರೆ ಇದು.) ಸ್ಟೂಲ್ ಮೇಲೆ ಎರಡು ಟೆಲಿಫೋನ್ ಡೈರೆಕ್ಟರಿ, ಅದರ ಮೇಲೆ ಕ್ಯಾಮೆರಾ. ಮಿಟುಕಿಸುವ ಬಲ್ಬ್ ಕಿತ್ತು ಬೇರೆ ಹಾಕಿದ್ದಾಯಿತು. ಎಡಕ್ಕೆ ರೋಸಮ್ಮ, ನಡುವೆ ಮರ. ಅಂತೋಣಪ್ಪ ಕುರ್ಚಿಯನ್ನು ಬಲಕ್ಕೆ ಎಳೆದರು. ಇನ್ನೂ ಎಳೆದರು. ಫ್ರೇಮಿನ ತುದಿಗೆ ಬಂದು ಕೂತರು.

“ಕತ್ಲಲ್ಲಿ ಮೂತಿ ಬರ್ತದಾ ಸಾರ್?”

“ಬರುತ್ತೆ. ಅಲ್ಲಾಡಬಾರದು ಅಷ್ಟೆ.”

“ನಾನ್ ಅಲ್ಲಾಡಲ್ಲ ಬುಡಿ. ಮೂರ್ ವರ್ಷ ಆಯ್ತು, ಅಲ್ಲಾಡಿದೀನಾ?”

“ಅದೊಂದು ದೊಡ್ಡ ಸಾಧ್ನೆ, ಹೇಳ್ಕೊಳ್ಳಿ” ಅಂದರು ರೋಸಮ್ಮ.

ಕತ್ತಲಲ್ಲಿ ಅಂತೋಣಪ್ಪ ನಕ್ಕಿದ್ದು ಕೇಳಿಸಿತು. ಶಟರ್ ತೆರೆದೆ. ಹದಿನೈದರವರೆಗೆ ಎಣಿಸಿ ಮುಚ್ಚಿದೆ.

“ಬಂತಾ?”

“ಬಂತು” ಅಂದೆ.

ಮಾರನೇ ದಿನ ಹಬ್ಬ. ಇಪ್ಪತ್ತಾರರ ಬೆಳಿಗ್ಗೆ ಕುಣಿಗಲ್ ಕಡೆ ಸುದ್ದಿಯೊಂದಕ್ಕೆ ಹೊರಟಿದ್ದೆ. ದಾರಿಯಲ್ಲಿ ಫೋಟೋ ಸ್ಟುಡಿಯೋ ಕೌಂಟರ್ ಮೇಲೆ ರೋಲ್ ಇಟ್ಟು ಓಡಿದೆ. ಕವರ್ ಮೇಲೆ ಒಂದು ಸಾಲು ಬರೆಯಬೇಕಿತ್ತು: ‘ಕೊನೆಯ ಫ್ರೇಮ್ ಕತ್ತಲು, ನೋಡಿ ಕಟ್ ಮಾಡಿ.’ ಬರೆಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗಿ, ಕತ್ತಲು ಬರೀ ಪಾರದರ್ಶಕವಾಗಿ ಕಾಣುತ್ತದೆ. ರೋಲಿನ ಖಾಲಿ ಬಾಲವೂ ಪಾರದರ್ಶಕವೇ. ಎರಡಕ್ಕೂ ನಡುವೆ ಗಡಿ ಕಾಣುವುದಿಲ್ಲ. ಸ್ಟುಡಿಯೋದವನು ಮರದ ಬಲ್ಬುಗಳ ಕಪ್ಪು ಚುಕ್ಕೆ ನೋಡಿದ. ತುದಿಯ ಕತ್ತಲಲ್ಲಿ ಕೂತವರ ಮಸುಕು ಗುರುತು ಅವನ ಕಣ್ಣಿಗೆ ಬೀಳಲಿಲ್ಲ. ಅಲ್ಲಿಗೆ ಚಿತ್ರ ಮುಗಿಯಿತು ಅಂದುಕೊಂಡ. ಕತ್ತರಿ ಹಾಕಿದ.

ಪ್ರಿಂಟ್ ತರಲು ಹೋಗಿ ಕೇಳಿದಾಗ ಹೇಳಿದ: “ಆಮೇಲಿಂದು ಖಾಲಿ ಇತ್ತಲ್ಲ ಸಾರ್? ತುಂಡು ಕಸಕ್ಕೆ ಹೋಯ್ತು.”

ಕಸದ ಬುಟ್ಟಿ ಖಾಲಿಯಾಗಿತ್ತು. ಬೆಳಿಗ್ಗೆಯೇ ಟ್ರ್ಯಾಕ್ಟರ್ ಬಂದು ಹೋಗಿತ್ತು.

ಪ್ರಿಂಟ್ ನೋಡಿದೆ. ನೆಗೆಟಿವ್ ಇಲ್ಲದ ಜಾಗ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ. ಕತ್ತಲ ಕೋಣೆಯೂ ಕಪ್ಪಾಗಿಯೇ ಬರುತ್ತದೆ. ಅಲ್ಲಿ ಏನನ್ನಾದರೂ ಕತ್ತರಿಸಿದ್ದಾರೆ ಅಂತ ಯಾರಿಗೂ ಅನ್ನಿಸದು. ರೋಸಮ್ಮ ಇದ್ದರು, ಮರ ಇತ್ತು, ಅದರ ಬಲಕ್ಕೆ ಯಾರೂ ಇರಲಿಲ್ಲ.

ಇನ್ನೊಮ್ಮೆ ತೆಗೆಯೋಣ ಅಂದೆ. ರೋಸಮ್ಮ ಬೇಡವೆಂದು ತಲೆಯಾಡಿಸಿದರು. “ಕತ್ರಿಸಿ ಬಿಸಾಕಿದ್ರು ಅಂತ ನಮ್ಮೆಜಮಾನ್ರಿಗೆ ಗೊತ್ತಾದ್ರೆ ಅಪಶಕುನ ಅಂತಾರೆ. ಈ ಜನ್ಮದಲ್ಲಿ ಮತ್ತೆ ಕೂರಲ್ಲ. ಅವ್ರಿಗೆ ಹೇಳ್ಬೇಡಿ. ಶೀಲಂಗೆ ನೀವೇ ಹೋಗಿ ಹೇಳಿ. ಪೇಪರ್ನೋರ ಮಾತು ನಂಬ್ತಾಳೆ.” ಗಂಡನಿಗೆ ಮಾತ್ರ, ಫೋಟೋ ಚೆನ್ನಾಗಿ ಬಂದಿದೆ, ಕಳಿಸಿದೀನಿ ಅಂದುಬಿಟ್ಟರು.

ಗುಬ್ಬಿಗೆ ಹೋದೆ. ಪ್ರಿಂಟ್ ಕೊಟ್ಟೆ, ನೆಗೆಟಿವ್ ಕೊಟ್ಟೆ, ನಡೆದದ್ದನ್ನು ವರದಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಶೀಲಾ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಇಲ್ಲಿ ಅಪ್ಪ ಎಲ್ಲಿದಾರೆ ಅಂಕಲ್?”

“ಇಲ್ಲ ಕಣಮ್ಮ. ಅದೇ ಹೇಳಿದ್ನಲ್ಲ.”

“ಅಮ್ಮ ಹೇಳ್ಕೊಟ್ಟು ಕಳ್ಸಿದಾಳೆ, ಅಲ್ವಾ?” ಅವಳಿಗೆ ಸಿಟ್ಟು ಬಂದಿರಲಿಲ್ಲ. ಅದೇ ಕಷ್ಟ. “ಕಾಫಿ ಆರೋಗುತ್ತೆ, ಕುಡೀರಿ.”

ನಮ್ಮ ಕಚೇರಿಯಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಹೆಸರು ತಪ್ಪಿದರೆ ಹೆಸರು, ಊರು ತಪ್ಪಿದರೆ ಊರು. ಇದಕ್ಕೆ ಏನಂತ ಹಾಕುವುದು? ಪುರಾವೆ ಇಲ್ಲದ ಸುದ್ದಿಯನ್ನು ನನ್ನ ಮುಂದೆ ಯಾರಾದರೂ ತಂದಿದ್ದರೆ, ನಾನೇ ಹರಿದು ಹಾಕುತ್ತಿದ್ದೆ. ಕತ್ತಲೆಯನ್ನು ತೋರಿಸಿ ಅಲ್ಲಿ ಒಬ್ಬ ಅಪ್ಪ ಇದ್ದ ಅಂದರೆ ಯಾವ ಸಬ್ ಎಡಿಟರ್ ಒಪ್ಪುತ್ತಾನೆ?

ಹೊಸ ವರ್ಷ ಬಂತು, ಶೀಲಾ ಬರಲಿಲ್ಲ. ಅಂತೋಣಪ್ಪ ಗೇಟಿನ ಹತ್ತಿರ ನಿಂತಿರುವುದು ನಮ್ಮ ಮನೆಗೆ ಕಾಣುತ್ತಿತ್ತು. ಸಂಕ್ರಾಂತಿಗೂ ಬರಲಿಲ್ಲ. ಗುಡ್‌ಫ್ರೈಡೇ ಹೊತ್ತಿಗೆ ಅವರೇ ನನ್ನನ್ನು ತಡೆದು ನಿಲ್ಲಿಸಿದರು.

“ಮಾನ ಬಿಟ್ ಕೂತೆ ಸಾರ್. ಫೋಟೋ ನೋಡಿಯೂ ಬರ್ಲಿಲ್ವಲ್ಲ, ಎಂಥ ಕಲ್ಲು ಮನಸ್ಸು?”

ತಡೆಯಲಾಗಲಿಲ್ಲ. ರೋಸಮ್ಮನಿಗೆ ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿದರು.

“ಮಗಳ ತಪ್ಪು ಮುಚ್ಚೋಕೆ ನೀವೂ ಶುರು ಮಾಡಿದ್ರಾ? ಫೋಟೋದಲ್ಲಿರೋ ಮನುಷ್ಯನ್ನ ಯಾರಾದ್ರೂ ಕತ್ರಿಸಿ ಕಸಕ್ಕೆ ಹಾಕ್ತಾರಾ ಸಾರ್?”

“ಸ್ಟುಡಿಯೋಗೆ ಬನ್ನಿ. ಅವನನ್ನೇ ಕೇಳೋಣ.”

“ನೀವು ಹೇಳಿದ್ರೆ ಅವ್ನು ಹೂಂ ಅಂತಾನೆ. ಪೇಪರ್ನೋರ ಮಾತು ಯಾರು ತೆಗೆದಾಕ್ತಾರೆ?”

ಹೋದ ಸೋಮವಾರ ಅಂತೋಣಪ್ಪ ಕಾರ್ಖಾನೆಗೆ ರಜೆ ಹಾಕಿ ತಾಲ್ಲೂಕು ಆಫೀಸಿಗೆ ಹೋದರು. ಮದುವೆಯಾದ ಮೇಲೂ ರೇಷನ್ ಕಾರ್ಡಿನಲ್ಲಿ ಹಾಗೇ ಉಳಿಸಿಕೊಂಡಿದ್ದ ಶೀಲಾಳ ಹೆಸರನ್ನು ತೆಗೆಸಿಕೊಂಡು ಬಂದರು.