ಕೈಗೆ ಬಂದ ಸೊಂಟದ ಗಡಿಯಾರ

ಅವತ್ತು ಭಾನುವಾರ, ದೊಡ್ಡಬಳ್ಳಾಪುರದ ನಮ್ಮ ಮನೆಯ ವರಾಂಡದಲ್ಲಿ ಇದ್ದವರು ಮೂವರು. ಒಬ್ಬ ನಾನು. ಇನ್ನೊಬ್ಬ ನನ್ನ ಹೆಂಡತಿಯ ತಮ್ಮ ಮಂಜ. ಮೂರನೆಯವಳು ನನ್ನ ಹೆಂಡತಿ ಸರೋಜ. ಅವಳು ಕೂತಿರಲಿಲ್ಲ, ಬಾಗಿಲಿಗೆ ಒರಗಿ ನಿಂತು, ತನ್ನ ಒಳ್ಳೆಯ ಸ್ಟೀಲ್ ತಟ್ಟೆಗೆ ತಮ್ಮ ತಂದಿಟ್ಟ ಗತಿಯನ್ನು ನೋಡುತ್ತಿದ್ದಳು. ತಟ್ಟೆಯ ತುಂಬ ನನ್ನ ದೊಡ್ಡಪ್ಪನ ಗಡಿಯಾರ ಬಿಡಿಬಿಡಿಯಾಗಿ ಹರಡಿಕೊಂಡಿತ್ತು. ಇರಲೇಬೇಕಾಗಿದ್ದ ನಾಲ್ಕನೆಯವರು, ಅಂದರೆ ದೊಡ್ಡಪ್ಪ, ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯಲ್ಲಿ ತಮ್ಮ ಪಾಡಿಗೆ ತಾವು ರಾಗಿ ಹೊಲ ನೋಡಿಕೊಂಡಿದ್ದರು. ಯಾವ ಎಡವಟ್ಟಿನ ಚರಿತ್ರೆ ತೆಗೆದರೂ ಹೀಗೆಯೇ. ಇರಬೇಕಾದವರು ಇರುವುದಿಲ್ಲ, ಇರಬಾರದವರು ಕೈಯಲ್ಲಿ ತಿರುಪುಳಿ ಹಿಡಿದು ಕೂತಿರುತ್ತಾರೆ.

ಅದು ಸೊಂಟದ ಗಡಿಯಾರ. ಜೇಬಿನ ಗಡಿಯಾರ ಎನ್ನುವುದು ಜೇಬಿದ್ದವರ ಮಾತು. ನಮ್ಮ ತಾತ ಅಂಗಿ ತೊಟ್ಟಿದ್ದೇ ಅಪರೂಪ. ಗಡಿಯಾರದ ಸರಪಳಿಯನ್ನು ಉಡುದಾರಕ್ಕೆ ಸಿಕ್ಕಿಸಿ, ಗಡಿಯಾರವನ್ನು ಎಲೆಯಡಿಕೆಯ ಪಕ್ಕದಲ್ಲಿ ಪಂಚೆಯ ಮಡಿಕೆಗೆ ತುರುಕಿಕೊಳ್ಳುತ್ತಿದ್ದರಂತೆ. ಅವರಿಂದ ಅದು ದೊಡ್ಡಪ್ಪನ ಸೊಂಟಕ್ಕೆ ಬಂತು. ಅದರ ಜೊತೆಗೆ ಒಂದು ಅಧಿಕಾರವೂ ಬಂತು. ನಮ್ಮ ಮನೆತನದಲ್ಲಿ ಯಾರ ಮದುವೆಯೇ ಆಗಲಿ, ಐನೋರು ಮಂತ್ರ ನಿಲ್ಲಿಸಿ ದೊಡ್ಡಪ್ಪನ ಮುಖ ನೋಡುತ್ತಾರೆ. ದೊಡ್ಡಪ್ಪ ಗಡಿಯಾರ ತೆಗೆದು ನೋಡಿ, ‘ಹುಯ್ಯಿ’ ಎನ್ನುತ್ತಾರೆ. ಆಮೇಲೆಯೇ ಧಾರೆ. ಛತ್ರದ ತುಂಬ ಫೋನುಗಳು ಬೆಳಗುತ್ತಿದ್ದರೂ ಆ ಒಂದು ಮಾತು ಬರುವ ತನಕ ಹಾಲು ಬಿಂದಿಗೆಯಲ್ಲೇ ಇರುತ್ತದೆ. ನನ್ನ ಮದುವೆಯೂ ಹಾಗೆಯೇ ಆದದ್ದು. ಸಂಸಾರದಲ್ಲಿ ಏನಾದರೂ ಏರುಪೇರಾದಾಗ ಸರೋಜ ಇವತ್ತಿಗೂ ಅನುಮಾನಪಡುವುದು ಆ ಗಡಿಯಾರವನ್ನೇ.

ಈ ಸಲದ ಮದುವೆ ದೊಡ್ಡಪ್ಪನ ಮೊಮ್ಮಗಳು ಚೈತ್ರಳದು. ದಿನ ಗೊತ್ತಾದ ಮೇಲೆ ಗಡಿಯಾರ ನಿಂತುಹೋಯಿತು. ದೊಡ್ಡಪ್ಪ ಅದನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಓಡೋ ಹಂಗೆ ಮಾಡಿಸ್ಕಂಡ್ ಬಾ ಮಗ. ಇದಿಲ್ದೆ ಹೋದ್ರೆ ಮಂಟಪದ ಮೇಲೆ ನನಗೇನ್ಲಾ ಕೆಲಸ? ಊಟದ್ ಪಂಕ್ತಿಲಿ ಕೂತ್ಕತೀನಿ ಅಷ್ಟೇಯ.”

ಮಾತು ತಮಾಷೆಯಾಗಿಯೇ ಇತ್ತು, ಮುಖ ತಮಾಷೆಯಾಗಿರಲಿಲ್ಲ.

ರಿಪೇರಿಯವರು ಇಬ್ಬರು ನೋಡಿ ಕೈಚೆಲ್ಲಿದರು. ಆಗ ನನಗೆ ಕೀ ಕೊಟ್ಟವನು ಮಂಜ. ಗಡಿಯಾರಕ್ಕೂ ಮನುಷ್ಯರಿಗೂ ನಾವು ಕೊಡುವುದು ಕೀಯನ್ನೇ ಎಂಬುದು ಕನ್ನಡದ ಜಾಣತನ. ಗಡಿಯಾರ ಕೊಟ್ಟಷ್ಟು ಓಡಿ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ನೆಲಮಂಗಲದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಂಜ, ಬಿಡುವಿನಲ್ಲಿ ಫೋನಿನ ವಿಡಿಯೋ ನೋಡಿ ಹಳೆಯ ಗಡಿಯಾರಗಳನ್ನು ಕಲಿತವನು.

“ಭಾವ, ಮಿಷಿನ್ ಚಿನ್ನದಂಗಿದೆ. ಡಬ್ಬಿ ಸೊಟ್ಟಗಾಗಿ ಧೂಳು ನುಗ್ಗಿದೆ, ಅದಕ್ಕೇ ನಿಂತಿರೋದು. ಹೊಸಾ ಡಬ್ಬಿಗೆ ಕೂರಿಸಿ, ಬೆಲ್ಟ್ ಹಾಕಿ, ಕೈಗೆ ಕಟ್ಟೋ ಹಂಗೆ ಮಾಡ್ಬಿಡ್ತೀನಿ. ನಿಮ್ಮ ದೊಡ್ಡಪ್ಪ ಮಿಂಚ್ತಾರೆ ನೋಡಿ!”

ಓಡುವ ಹಾಗೆ ಮಾಡು ಎಂದರೆ ಕಟ್ಟುವ ಹಾಗೆ ಮಾಡು ಎಂದು ಅರ್ಥವಾಗುವುದು ಯಾವ ನಿಘಂಟಿನಲ್ಲೋ ನನಗೆ ಗೊತ್ತಿಲ್ಲ. ಆದರೂ ನಾನು ಬೇಡವೆನ್ನಲಿಲ್ಲ. ಬಾಮೈದನಿಗೆ ಬೇಡವೆನ್ನುವ ಧೈರ್ಯವಿದ್ದವನು ನಾನಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮಂಜನ ತಾಳ್ಮೆಯನ್ನು ಮಾತ್ರ ಹೊಗಳಬೇಕು. ಉಸಿರು ಬಿಟ್ಟರೆ ಹಾರಿಹೋಗುವ ಚಕ್ರಗಳನ್ನು ತೊಳೆದು, ಎಣ್ಣೆ ಮುಟ್ಟಿಸಿ, ಒಂದೊಂದಾಗಿ ಕೂರಿಸಿದ. ಕೊನೆಗೆ ಅದು ಟಿಕ್ ಎಂದಾಗ ನಾವು ಮೂವರೂ ಆಗತಾನೇ ಹುಟ್ಟಿದ ಮಗು ಅತ್ತ ಸದ್ದು ಕೇಳಿದವರಂತೆ ನಕ್ಕೆವು. ಅಷ್ಟರಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ತೊಡಕು ಎಲ್ಲಿತ್ತೆಂದರೆ, ಸೊಂಟದ ಗಡಿಯಾರಕ್ಕೆ ಕೀ ಕೊಡುವ ತಿರುಪು ನೆತ್ತಿಯ ಮೇಲಿರುತ್ತದೆ, ಹನ್ನೆರಡರ ಪಕ್ಕದಲ್ಲೇ. ಕೈಗೆ ಕಟ್ಟುವಾಗ ಆ ಜಾಗಕ್ಕೆ ಬೆಲ್ಟು ಬರಬೇಕು. ಆದ್ದರಿಂದ ಮಂಜ ಇಡೀ ಗಡಿಯಾರವನ್ನು ಬಲಕ್ಕೆ ಹೊರಳಿಸಿ ಕೂರಿಸಿದ. ತಿರುಪು ಬಲಕ್ಕೆ ಬಂತು. ಅದರ ಹಿಂದೆಯೇ ಹನ್ನೆರಡೂ ಬಲಕ್ಕೆ ಬಂತು. ಮೂರು ಇರಬೇಕಾದಲ್ಲಿ ಹನ್ನೆರಡು, ಹನ್ನೆರಡು ಇರಬೇಕಾದಲ್ಲಿ ಒಂಬತ್ತು. ಕಾಲಪುರುಷ ಒಂದು ಮಗ್ಗುಲಿಗೆ ಮಲಗಿಬಿಟ್ಟ.

“ಇದು ಸೊಟ್ಟಗಿದೆಯಲ್ಲೋ ಮಂಜ!”

“ಸೊಟ್ಟಗಿಲ್ಲ ಭಾವ, ನೀವು ಸೊಟ್ಟಗೆ ನೋಡ್ತಿದ್ದೀರಿ. ಗಾಡಿ ಓಡಿಸೋ ಹಂಗೆ ಕೈ ಮುಂದಕ್ಕೆ ಚಾಚಿ. ಹಾ, ಈಗ ನೋಡಿ!”

ಹ್ಯಾಂಡಲ್ ಹಿಡಿದವನಂತೆ ಕೈ ಚಾಚಿದೆ. ನಿಜ, ಹನ್ನೆರಡು ನೆಟ್ಟಗೆ ನೆತ್ತಿಗೆ ಬಂತು. ಅಂದರೆ ಸ್ಕೂಟರ್ ಮೇಲಿರುವ ತನಕ ನನಗೆ ಕಾಲಜ್ಞಾನ ಉಂಟು, ಇಳಿದರೆ ಇಲ್ಲ.

ಸರಿಯಾಗಿ ಓಡುತ್ತದೋ ಎಂದು ಪರೀಕ್ಷಿಸಲು ಮದುವೆಯ ತನಕ ನಾನೇ ಅದನ್ನು ಕಟ್ಟಿಕೊಳ್ಳಬೇಕಾಯಿತು. ಅದರ ಗಾತ್ರಕ್ಕೆ ಅಂಗಿಯ ತೋಳಿನ ಗುಂಡಿ ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಟೈಮೆಷ್ಟು ಎಂದರೆ ನಾನು ಮುಷ್ಟಿ ಕಟ್ಟಿ ಕೈ ಮುಂದಕ್ಕೆ ಚಾಚುತ್ತಿದ್ದೆ. ಒಬ್ಬರು ಗಾಬರಿಯಿಂದ ಸೀಟು ಬದಲಾಯಿಸಿದರು. ಒಂದು ಬೆಳಿಗ್ಗೆ ಸರೋಜ, ಮೇಜಿನ ಮೇಲೆ ಬಿಚ್ಚಿಟ್ಟಿದ್ದನ್ನು ನೋಡಿ ಒಂಬತ್ತೂಕಾಲಾಯಿತೆಂದು ಕೂಗಿ ನನ್ನನ್ನು ಎಬ್ಬಿಸಿದಳು. ಆಗಿದ್ದದ್ದು ಆರು ಗಂಟೆ. ಗಡಿಯಾರದ ಕಡ್ಡಿಗಳಿಗೆ ನಮ್ಮ ಹಿರಿಯರು ಮುಳ್ಳು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವರ ಕಾಲದಲ್ಲಿ ಇದ್ದದ್ದು ಹೊತ್ತು: ಹಾಲು ಕರೆಯುವ ಹೊತ್ತು, ದೀಪ ಹಚ್ಚುವ ಹೊತ್ತು. ಹೊತ್ತು ಯಾರಿಗೂ ಚುಚ್ಚುತ್ತಿರಲಿಲ್ಲ. ಮುಳ್ಳು ಬಂದಮೇಲೆಯೇ ಚುಚ್ಚುವುದು ಶುರುವಾಯಿತು.

ನನ್ನ ಸಂಕಟ ಇದೊಂದು ಗಡಿಯಾರದ್ದಲ್ಲ. ಹಳೆಯದನ್ನು ಉಳಿಸುತ್ತೇವೆ ಎಂದು ಹೊರಟವರು ಮೊದಲು ಮಾಡುವ ಕೆಲಸ, ಅದರ ಕೆಲಸ ಬಿಡಿಸುವುದು. ನೀರು ಕಾಯಿಸುತ್ತಿದ್ದ ಹಂಡೆಯಲ್ಲಿ ಈಗ ಕ್ರೋಟನ್ ಗಿಡ. ದೇವನಹಳ್ಳಿ ಕಡೆಯ ರೆಸಾರ್ಟುಗಳಲ್ಲಿ ಒರಳುಕಲ್ಲೇ ಕಾರಂಜಿ, ಗಾಡಿಯ ಚಕ್ರವೇ ಗೇಟು. ಅಜ್ಜಿಯ ಸೀರೆ ದಿಂಬಿನ ಕವರಾಗಿ, ನೆಂಟರು ಅದಕ್ಕೆ ಬೆನ್ನು ಕೊಟ್ಟು ಕಾಫಿ ಕುಡಿಯುತ್ತಾರೆ. ದೇವನಹಳ್ಳಿ ಪಕ್ಕದ ನಲ್ಲೂರಿನ ನೂರಾರು ವರ್ಷದ ಹುಣಸೆ ತೋಪೊಂದು ಇನ್ನೂ ಹುಣಸೆ ತೋಪಾಗಿಯೇ ಉಳಿದಿದೆ. ಅದನ್ನು ಕೈಗೆ ಕಟ್ಟಿಕೊಳ್ಳುವ ಉಪಾಯ ಮಂಜನಿಗೆ ಹೊಳೆದಿಲ್ಲ, ಪುಣ್ಯ.

ಮದುವೆ ಅರಿಶಿನಕುಂಟೆಯ ಛತ್ರದಲ್ಲಿ. ಮಂಟಪದ ಮೆಟ್ಟಿಲ ಬಳಿ ಮಂಜ ದೊಡ್ಡಪ್ಪನ ಕೈಹಿಡಿದು ಗಡಿಯಾರ ಕಟ್ಟಿದ. ಹಳೆಯ ಸರಪಳಿಯ ಪೊಟ್ಟಣವನ್ನು ನಾನು ಅವರ ಇನ್ನೊಂದು ಕೈಗೆ ಕೊಟ್ಟೆ. ದೊಡ್ಡಪ್ಪ ಮಣಿಕಟ್ಟನ್ನು ಎತ್ತಿ, ಇಳಿಸಿ, ನನ್ನ ಮುಖ ನೋಡಿದರು.

“ಏನ್ಲಾ ಇದು, ಕೈಗೆ ತಟ್ಟೆ ಇಡ್ಲಿ ಕಟ್ಟಿದ್ದೀರಾ?”

“ಓಡ್ತಾ ಇದೆ ದೊಡ್ಡಪ್ಪ,” ಎಂದೆ.

ಅವರು ಅದನ್ನು ಕಿವಿಗೆ ಹಿಡಿದರು. ಆಮೇಲೆ ಮಂಟಪ ಹತ್ತಿದರು.

ಆದರೆ ಗಡಿಯಾರ ಮಗ್ಗುಲಾಗಿದೆ ಎಂಬುದನ್ನು ಹೇಳುವುದು ನನಗೂ ಮರೆತಿತ್ತು, ಮಂಜನಿಗೂ ಮರೆತಿತ್ತು. ಅದರಲ್ಲಿದ್ದದ್ದು ರೋಮನ್ ಅಂಕಿಗಳು. ದೊಡ್ಡಪ್ಪ ಅವನ್ನು ಎಂದೂ ಓದಿದವರಲ್ಲ; ಮುಳ್ಳು ಯಾವ ದಿಕ್ಕಿಗಿದೆ ಎಂಬುದಷ್ಟೇ ಅವರ ಲೆಕ್ಕ. ಒಂಬತ್ತಕ್ಕೆ ಮುಹೂರ್ತ ಶುರು. ಐನೋರು ಮಂತ್ರ ನಿಲ್ಲಿಸಿ ಎಂದಿನಂತೆ ಅವರತ್ತ ನೋಡಿದರು. ದೊಡ್ಡಪ್ಪ ಮಣಿಕಟ್ಟು ನೋಡಿದರು. ಮುಖ ಕಪ್ಪಿಟ್ಟಿತು.

“ಅಯ್ಯೋ, ಹನ್ನೆರಡೂಕಾಲು! ಮುಹೂರ್ತ ಮೀರೋಯ್ತಲ್ರೋ!”

ಚೈತ್ರ ತಲೆ ಎತ್ತಿದಳು. ಗಂಡಿನ ಕಡೆಯವರು ಎದ್ದು ನಿಂತರು. ಅಡುಗೆಯವನು ಸೌಟು ಹಿಡಿದೇ ಓಡಿಬಂದು, “ಸಾಮೀ, ಊಟಕ್ಕಿನ್ನೂ ಅಕ್ಕಿನೇ ಹಾಕಿಲ್ಲ!” ಎಂದ. ಸುತ್ತಲೂ ಫೋನುಗಳು ಎದ್ದವು. “ಒಂಬತ್ತು ತಾತ, ಒಂಬತ್ತೇ!”

“ಫೋನು ನಿಮ್ದು. ಗಡಿಯಾರ ನಮ್ಮಪ್ಪಂದು,” ಎಂದರು ದೊಡ್ಡಪ್ಪ. “ಇದು ಸುಳ್ಳು ಹೇಳಿದ್ರೆ ನಾನ್ಯಾಕ್ ಇಲ್ ನಿಂತಿರ್ಲಿ?”

ಮೆಟ್ಟಿಲು ಇಳಿಯಲು ಅವರು ಕಾಲೆತ್ತಿಯೂ ಆಗಿತ್ತು. ಮಂಜ ಮಂಟಪಕ್ಕೆ ನೆಗೆದು ಅವರ ಕೈಹಿಡಿದ.

“ಸುಳ್ಳು ಹೇಳಲ್ಲ ತಾತ! ಗಾಡಿ ಓಡಿಸೋ ಹಂಗೆ ಕೈ ಮುಂದಕ್ಕೆ ಹಿಡೀರಿ!”

ದೊಡ್ಡಪ್ಪ ಜನ್ಮದಲ್ಲಿ ಸ್ಕೂಟರ್ ಹತ್ತಿದವರಲ್ಲ. ಅವರಿಗೆ ಗಾಡಿ ಎಂದರೆ ಎತ್ತಿನ ಗಾಡಿ. ಹಗ್ಗ ಹಿಡಿದವರಂತೆ ಎರಡೂ ಮುಷ್ಟಿ ಬಿಗಿದು, ಎದೆಯ ಮುಂದೆ ಚಾಚಿ, ಕಾಲು ಅಗಲಿಸಿ ನಿಂತರು. ಹನ್ನೆರಡು ನೆತ್ತಿಗೆ ಬಂತು. ಮುಳ್ಳುಗಳು ತಮ್ಮ ಹಳೆಯ ದಿಕ್ಕಿಗೆ ಬಂದವು. ದೊಡ್ಡಪ್ಪ ದಿಟ್ಟಿಸಿ ನೋಡಿದರು, ಉಸಿರು ಬಿಟ್ಟರು.

“ಒಂಬತ್ತೇ ಕಣ್ರಪ್ಪಾ. ಹುಯ್ಯಿ!”

ಹಾಲು ಬಿತ್ತು, ವಾಲಗ ಮೊರೆಯಿತು. ಫೋಟೋಗ್ರಾಫರ್ ಆ ಕ್ಷಣವನ್ನೇ ಹಿಡಿದಿದ್ದಾನೆ. ಆಲ್ಬಮ್ಮಿನಲ್ಲಿ ಹೆಣ್ಣುಗಂಡಿನ ಹಿಂದೆ ದೊಡ್ಡಪ್ಪ ಆ ಸಂಸಾರದ ಗಾಡಿಯನ್ನು ತಾವೇ ಹೊಡೆಯುತ್ತಿರುವವರಂತೆ ನಿಂತಿದ್ದಾರೆ. ಮಂಜ ಆ ಫೋಟೋವನ್ನೇ ತೋರಿಸಿ, “ಹೆಂಗೆ ಭಾವ, ನಾನ್ ಹೇಳ್ಲಿಲ್ವಾ ಮಿಂಚ್ತಾರೆ ಅಂತ?” ಎನ್ನುತ್ತಾನೆ. ಅವನಿಗೆ ಏನು ಹೇಳಿದರೂ ದಂಡ.

ಮದುವೆಯ ಗಲಾಟೆ ಮುಗಿದ ಮೇಲೆ ಒಂದು ದಿನ ಮಧುರೆಗೆ ಹೋದೆ. ಕೊಟ್ಟಿಗೆಯ ಬಾಗಿಲನ್ನು ಏನೋ ಹೊಳೆಯುವ ಪಟ್ಟಿಯಿಂದ ಬಿಗಿದಿದ್ದರು. ಹತ್ತಿರ ಹೋಗಿ ನೋಡಿದರೆ ಮಂಜನ ಗಡಿಯಾರದ ಬೆಲ್ಟು. ಹೊಸದಕ್ಕೂ ಅದರ ಕೆಲಸ ಬಿಡಿಸಬಹುದು ಎಂದು ಆಗಲೇ ತಿಳಿದದ್ದು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ದೊಡ್ಡಪ್ಪ, “ಭಾಳ ಗಟ್ಟಿ ಇದೆ ಕಣ್ಲಾ, ಕರ ಎಷ್ಟ್ ಗುದ್ದಿದ್ರೂ ಬಿಚ್ಕಳಲ್ಲ. ಮಂಜಂಗೆ ಹೇಳು,” ಎಂದರು.

ಟೈಮೆಷ್ಟು ದೊಡ್ಡಪ್ಪ ಎಂದು ಕೇಳಿದೆ. ಅವರು ಸೊಂಟದ ಮಡಿಕೆಗೆ ಕೈಹಾಕಿ, ಉಡುದಾರದ ಸರಪಳಿ ಹಿಡಿದು ಗಡಿಯಾರ ಎಳೆದರು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ತಿರುಪಿನ ಪಕ್ಕದ ಹನ್ನೆರಡು ನೆತ್ತಿಗೆ ಬರುವ ತನಕ ನಿಧಾನವಾಗಿ ತಿರುಗಿಸಿದರು. ನೋಡಿದರು.

“ಊಟದ್ ಹೊತ್ತು. ಏಳು, ಕೈ ತೊಳ್ಕೊ.”